ಹೊಸ ಮೀನು ಟ್ಯಾಂಕಿಗೆ: ಕೊಟ್ಟೆ ತೇಲಿಸುವುದೋ, ಹನಿ ನೀರು ಬಿಡುವುದೋ?

ಕಾರವಾರದ ಅಂಗಡಿಯಲ್ಲೇ ಗಪ್ಪಿ, ಮೋಲಿ ಕೊಂಡಿರಾ? ತೇಲಿಸಿದರೆ ಸಾಕು. ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಯನ್ನು ಟ್ಯಾಂಕಿನಲ್ಲಿ 15–20 ನಿಮಿಷ ಬಿಟ್ಟರೆ ನೀರಿನ ಬಿಸಿ ಸಮ ಆಗುತ್ತದೆ. ಆಮೇಲೆ ಬಲೆಯಲ್ಲಿ ಮೀನು ಎತ್ತಿ ಬಿಡಿ. ಕೊಟ್ಟೆಯ ನೀರು ಮಾತ್ರ ಟ್ಯಾಂಕಿಗೆ ಬೇಡ.

ಹನಿ ವಿಧಾನ ಅಂದರೆ ಮೀನನ್ನು ಕೊಟ್ಟೆಯ ನೀರಿನ ಜೊತೆ ಬಕೆಟ್ಟಿಗೆ ಹಾಕಿ, ಅದಕ್ಕೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಡುವುದು. ಇದಕ್ಕೆ ಬಕೆಟ್, ಸಪೂರ ಪೈಪು, ಮುಕ್ಕಾಲು ಗಂಟೆ ತಾಳ್ಮೆ ಬೇಕು. ಸೆಕೆಂಡಿಗೆ 2–3 ಹನಿ ಸಾಕು. ಎರಡು ಕಡೆಯ ನೀರು ಬೇರೆ ಇದ್ದಾಗ ಇದು ಒಳ್ಳೆಯದು. ಶಿರಸಿ ಕಡೆಯ ಬಾವಿ ನೀರು ಸಾಮಾನ್ಯವಾಗಿ ಮೆದು, ಅಂದರೆ ಲವಣ ಕಡಿಮೆ. ಕರಾವಳಿಯ ಬಾವಿಗೆ ಬೇಸಿಗೆಯಲ್ಲಿ ಉಪ್ಪು ಸೇರುವುದುಂಟು, ಅಲ್ವಾ? ಟ್ಯಾಂಕಿನ ಸೀಗಡಿಗಂತೂ ಹನಿಯೇ ಸರಿ.

ಹಾಗಂತ ನಿಧಾನವೇ ಯಾವಾಗಲೂ ಸುರಕ್ಷಿತ ಅಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಕೊಟ್ಟೆಯಲ್ಲಿ ಮೀನಿನ ಹೊಲಸಿನಿಂದ ಬರುವ ವಿಷ, ಅಮೋನಿಯಾ, ಸೇರಿರುತ್ತದೆ. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಇಳಿಸಿ, ಅಮೋನಿಯಾದ ವಿಷವನ್ನು ಅಡಗಿಸಿರುತ್ತದೆ. ಬಿಚ್ಚಿದ ಕೂಡಲೇ ಆ ಗಾಳಿ ಹೊರಟು ಪಿಎಚ್ ಏರುತ್ತದೆ, ವಿಷವೂ ಜಾಸ್ತಿ ಆಗುತ್ತದೆ. ಅದೇ ನೀರಲ್ಲಿ ಹನಿ ಬಿಡುತ್ತಾ ಕೂತರೆ ಕಿವಿರಿಗೆ ಪೆಟ್ಟು. ಇಂಥ ಮೀನಿಗೆ ನಾನು ತೇಲಿಸುವುದನ್ನೇ ಹೇಳುತ್ತೇನೆ: ಬಿಚ್ಚಿ, ತಕ್ಷಣ ಎತ್ತಿ ಬಿಡಿ.

ಎರಡೂ ಬಿಳಿ ಚುಕ್ಕೆ ರೋಗ ತಡೆಯುವುದಿಲ್ಲ. ಅದಕ್ಕೆ ಹೊಸ ಮೀನನ್ನು 3–4 ವಾರ ಬೇರೆ ಇಡಬೇಕು; ಬೇರೆ ಸಣ್ಣ ಟ್ಯಾಂಕು, ಬಳಸಿ ಹಳತಾದ ಸ್ಪಂಜ್ ಫಿಲ್ಟರ್ ಬೇಕು. ಬಲೆಯೂ ಬೇರೆಯದೇ ಇರಲಿ.