ಸುದ್ದಿ ಹಾಕಿಸ್ತೀನಿ ಅಂತ ದುಡ್ಡು ಕೇಳಿದರೆ ಒಂದು ರೂಪಾಯಿನೂ ಕೊಡಬೇಡಿ

ಯುವಕ ಸಂಘ, ಯುವತಿ ಮಂಡಳಿ ನಡೆಸುವವರು ದಯವಿಟ್ಟು ಪೂರ್ತಿ ಓದಿ. ನವೆಂಬರ್ 1 ಹತ್ತಿರ ಬಂತು. ನಮಗೆ ಟೋಪಿ ಹಾಕಿದ ಮನುಷ್ಯ ರಾಜ್ಯೋತ್ಸವ ಮಾಡುವ ಸಂಘಗಳಿಗೆ ಈಗಲೇ ಫೋನ್ ಮಾಡುತ್ತಿದ್ದಾನಂತೆ.

ನಮ್ಮದು ಸಾಗರದ ಕಡೆಯ ಸಣ್ಣ ಸಂಘ. ಅಕ್ಟೋಬರ್ 1, ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ ಅಂತ ಶಿಬಿರ ಇಟ್ಟಿದ್ದೆವು. ಅಲ್ಲಿಗೆ ಈ ಮನುಷ್ಯ ಬಂದ. ಕೊರಳಲ್ಲಿ ಪ್ರೆಸ್ ಕಾರ್ಡ್, ಬೈಕಿಗೆ ಪ್ರೆಸ್ ಸ್ಟಿಕ್ಕರ್. ಬಂದವನೇ ದೊಡ್ಡ ಪತ್ರಿಕೆಯ ಹೆಸರು ಹೇಳಿದ. "ಜಿಲ್ಲಾ ಪುಟದಲ್ಲಿ ಫೋಟೋ ಸಮೇತ ಬರುತ್ತೆ. ಆರು ಸಾವಿರ ಆಗುತ್ತೆ" ಅಂದ. ಹುಡುಗರು ಅಡಿಕೆ ಸುಲಿದು ಸಂಘಕ್ಕೆ ಹಾಕಿದ್ದ ದುಡ್ಡು ಅದು. ಕೊಟ್ಟೆವು.

ಮಾರನೇ ದಿನ ವಾಟ್ಸಾಪ್‌ಗೆ ಪುಟದ ಫೋಟೋ ಬಂತು. ನಮ್ಮ ಬ್ಯಾನರ್, ಹುಡುಗರ ಮುಖ, ಹೆಡ್ಡಿಂಗ್, ಎಲ್ಲ ಇತ್ತು. ಎಲ್ಲರೂ ಸ್ಟೇಟಸ್ ಹಾಕಿದರು. ರಕ್ತ ಕೊಟ್ಟವರಿಗೆಲ್ಲ ಕಳಿಸಿದೆವು. ಸಂಜೆ ನಮ್ಮ ಮೇಷ್ಟ್ರು ಪೇಪರ್ ಹಿಡಿದುಕೊಂಡೇ ಬಂದರು. ಅದೇ ಪುಟ, ಅದೇ ಮೂಲೆ. ಅಲ್ಲಿದ್ದದ್ದು ಅಡಿಕೆ ಧಾರಣೆ! ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆ ಬಗೆಗಳ ರೇಟು. "ನಿಮ್ಮ ಸುದ್ದಿ ಎಲ್ರಪ್ಪಾ?" ಅಂತ ಎಲ್ಲರ ಎದುರೇ ಕೇಳಿದರು. ತಲೆ ಎತ್ತಲಿಕ್ಕೆ ಆಗಲಿಲ್ಲ. ಇಡೀ ಪುಟ ಕಂಪ್ಯೂಟರ್‌ನಲ್ಲಿ ಮಾಡಿದ್ದು. ಸುಳ್ಳು ಪುಟ.

ಫೋನ್ ಮಾಡಿದರೆ ಮೊದಲು "ಅದು ಬೇರೆ ಎಡಿಷನ್". ಆಮೇಲೆ "ಆನ್‌ಲೈನಲ್ಲಿ ಬಂದಿದೆ, ನೋಡ್ಕೊಳ್ಳಿ". ದುಡ್ಡು ವಾಪಸ್ ಕೇಳಿದಾಗ "ಅದು ನನ್ನ ಪೆಟ್ರೋಲ್ ಖರ್ಚು". ಜೋರು ಮಾಡಿದ್ದಕ್ಕೆ "ಇನ್ಮೇಲೆ ನಿಮ್ಮ ಸಂಘದ ಸುದ್ದಿ ಯಾವ ಪೇಪರಲ್ಲಿ ಬರುತ್ತೋ ನೋಡ್ತೀನಿ" ಅಂತ ನಮಗೇ ಧಮಕಿ! ನಮ್ಮ ದುಡ್ಡು ತಿಂದು ನಮಗೇ ಧಮಕಿ ಹಾಕುತ್ತಾನೆ ಅಂದರೆ ಎಷ್ಟು ಧೈರ್ಯ ಇರಬೇಕು?

ಆ ಪತ್ರಿಕೆಯ ನಿಜವಾದ ವರದಿಗಾರರನ್ನು ಕೇಳಿದೆವು. ಅಂಥವನೇ ಇಲ್ಲ ಅಂದರು. ಸುದ್ದಿಗೆ ದುಡ್ಡಿಲ್ಲ. ದುಡ್ಡು ಕೊಡಬೇಕಾದ್ದು ಜಾಹೀರಾತಿಗೆ, ಅದಕ್ಕೆ ಪತ್ರಿಕೆಯ ಹೆಸರಲ್ಲೇ ಬಿಲ್ ಬರುತ್ತೆ. ಒಂದು ಪುಟದ ಪ್ರೆಸ್ ನೋಟ್, ಒಂದು ಒಳ್ಳೆ ಫೋಟೋ, ಫೋಟೋದಲ್ಲಿ ಇರುವವರ ಹೆಸರು ಎಡದಿಂದ ಬಲಕ್ಕೆ. ಇಷ್ಟನ್ನು ಕಾರ್ಯಕ್ರಮ ಮುಗಿದ ಸಂಜೆಯೇ ಪತ್ರಿಕೆಗೆ ಕಳಿಸಿ. ಜಾಗ ಇದ್ದರೆ ಹಾಕುತ್ತಾರೆ, ಇಲ್ಲದಿದ್ದರೆ ಇಲ್ಲ. ಹಾಕೇ ಹಾಕಿಸ್ತೀನಿ ಅನ್ನುವವನನ್ನು ನಂಬಲೇಬೇಡಿ. ಕಾರ್ಡ್ ನೋಡಿ ಸುಮ್ನೆ ಆಗಬೇಡಿ, ಅಂಥ ಕಾರ್ಡ್ ಯಾರು ಬೇಕಾದರೂ ಪ್ರಿಂಟ್ ಹಾಕಿಸಬಹುದು. ಜಿಲ್ಲೆಯ ವಾರ್ತಾ ಇಲಾಖೆ ಕಚೇರಿಗೋ ಕಾರ್ಯನಿರತ ಪತ್ರಕರ್ತರ ಸಂಘಕ್ಕೋ ಒಂದು ಫೋನ್ ಮಾಡಿ ಕೇಳಿ.

ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ದುಡ್ಡು ಇನ್ನೂ ಬಂದಿಲ್ಲ. ನಿಮ್ಮ ಊರಿಗೂ ಇಂಥವನು ಬಂದಿದ್ದರೆ ನೀವೂ ಠಾಣೆಗೆ ಹೋಗಿ, ಅವನು ಕಳಿಸಿದ ಮೆಸೇಜ್ ಯಾವುದನ್ನೂ ಡಿಲೀಟ್ ಮಾಡಬೇಡಿ.