ಡಯಾಲಿಸಿಸ್ ಕೇಂದ್ರದ ವಿಮರ್ಶೆ: ಪ್ರತಿ ತಿಂಗಳು ಮರುಪರಿಶೀಲನೆಯಾಗುವ ಪ್ರಿಸ್ಕ್ರಿಪ್ಷನ್

ನಮ್ಮ ತಂದೆಯವರು ಕೆಲವು ವರ್ಷಗಳಿಂದ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಪಡೆಯುತ್ತಿರುವ ಈ ಕೇಂದ್ರದಲ್ಲಿ ಹಾಸಿಗೆ, ಎ.ಸಿ., ಸ್ವಚ್ಛತೆ ಎಲ್ಲವೂ ಒಪ್ಪುವಂತಿವೆ. ಆದರೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತಿರುವುದು ಅವುಗಳಿಗಾಗಿ ಅಲ್ಲ. ಅವರ ಡಯಾಲಿಸಿಸ್ ಪ್ರಿಸ್ಕ್ರಿಪ್ಷನ್ನನ್ನು, ಅಂದರೆ ಎಷ್ಟು ಹೊತ್ತು, ರಕ್ತ ಶುದ್ಧಿಗೆ ಯಾವ ದ್ರಾವಣ, ಎಷ್ಟು ನೀರು ತೆಗೆಯಬೇಕು ಎಂಬ ಸೂಚನೆಯನ್ನು, ನೆಫ್ರಾಲಜಿಸ್ಟ್ (ಮೂತ್ರಪಿಂಡ ತಜ್ಞರು) ಪ್ರತಿ ತಿಂಗಳೂ ಮರುಪರಿಶೀಲಿಸುತ್ತಾರೆ ಎಂಬ ಕಾರಣಕ್ಕೆ.

ಹಿಂದೆ ಹೋಗುತ್ತಿದ್ದ ಕೇಂದ್ರದಲ್ಲಿ ಎಲ್ಲರಿಗೂ ಅದೇ ನಾಲ್ಕು ಗಂಟೆ, ಅದೇ ದ್ರಾವಣ. ಮೈಯಲ್ಲಿ ಎಷ್ಟೇ ನೀರು ಸೇರಿರಲಿ, ಅಷ್ಟನ್ನೂ ಅದೇ ಅವಧಿಯೊಳಗೆ ತೆಗೆಯುತ್ತಿದ್ದರು. ಮೂರನೆಯ ಗಂಟೆಯ ಹೊತ್ತಿಗೆ ಬಿ.ಪಿ. ಕುಸಿದು ಮೀನಖಂಡ ಸೆಟೆದುಕೊಳ್ಳುವುದು ಮಾಮೂಲಾಗಿತ್ತು. ದೇಹದ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ 13 ಮಿ.ಲೀ.ಗಿಂತ ವೇಗವಾಗಿ ನೀರು ತೆಗೆದರೆ ಹೃದಯಕ್ಕೂ ಜೀವಕ್ಕೂ ಅಪಾಯ ಹೆಚ್ಚುತ್ತದೆಂದು ಅಧ್ಯಯನಗಳು ಸೂಚಿಸಿವೆ. 60 ಕಿಲೋ ತೂಗುವವರಿಂದ ಮೂರೂವರೆ ಲೀಟರ್ ತೆಗೆಯಬೇಕಾದರೆ ಈ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಗಂಟೆ ಬೇಕು. ಇಲ್ಲಿ ಅಂಥ ದಿನಗಳಲ್ಲಿ ಅವಧಿಯನ್ನೇ ಹಿಗ್ಗಿಸುತ್ತಾರೆ, ಬಿ.ಪಿ. ಕುಸಿಯದಿರಲೆಂದು ದ್ರಾವಣದ ಉಷ್ಣತೆಯನ್ನು 37ರಿಂದ 36 ಡಿಗ್ರಿಗೆ ಇಳಿಸುತ್ತಾರೆ. ತಂದೆಯವರಿಗೆ ಹಸಿವು ಮರಳಿ ಮೈ ತುಂಬಿಕೊಂಡಾಗ, ಹೆಚ್ಚಿದ ತೂಕವನ್ನೆಲ್ಲ ನೀರೆಂದೇ ಎಣಿಸದೆ ಡ್ರೈ ವೇಟನ್ನು (ಹೆಚ್ಚುವರಿ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕವನ್ನು) ಏರಿಸಿದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ರಕ್ತ ಎಷ್ಟು ಶುದ್ಧವಾಯಿತೆಂದು ಹೇಳುವ ಕೆಟಿ ಬೈ ವಿ ಅಂಕಿಗಾಗಿ ಡಯಾಲಿಸಿಸ್‌ಗೆ ಮೊದಲೂ ನಂತರವೂ ರಕ್ತ ತೆಗೆದು ಯೂರಿಯಾ ನೋಡುತ್ತಾರೆ. ವಾರಕ್ಕೆ ಮೂರು ಬಾರಿ ಮಾಡಿಸುವವರಲ್ಲಿ ಅದು ಪ್ರತಿ ಸಲ 1.2ಕ್ಕಿಂತ ಕೆಳಗಿಳಿಯಬಾರದು, ಗುರಿ 1.4 ಇರಬೇಕು. ಒಮ್ಮೆ ಅದು ಇಳಿದಾಗ ವೈದ್ಯರು ನೇರವಾಗಿ ದೊಡ್ಡ ಡಯಾಲೈಸರ್ (ರಕ್ತ ಶೋಧಿಸುವ ಫಿಲ್ಟರ್) ಬರೆಯಲಿಲ್ಲ. ಮೊದಲು ಫಿಸ್ಟುಲಾವನ್ನು (ಸೂಜಿ ಚುಚ್ಚಲೆಂದು ಶಸ್ತ್ರಚಿಕಿತ್ಸೆಯಿಂದ ಅಪಧಮನಿಗೆ ಜೋಡಿಸಿದ ರಕ್ತನಾಳವನ್ನು) ಪರೀಕ್ಷಿಸಿ, ಸೂಜಿಗಳ ಜಾಗವನ್ನೂ ರಕ್ತದ ಹರಿವನ್ನೂ ಸರಿಪಡಿಸಿದರು, ಅಂಕಿ ತಾನಾಗಿ ಏರಿತು. ಹಾಗೆಂದು ಅಂಕಿಯ ಬೆನ್ನು ಹತ್ತುವುದೂ ಇವರ ರೀತಿಯಲ್ಲ. ವಾರಕ್ಕೆ ಮೂರು ಬಾರಿಯ ಚಿಕಿತ್ಸೆಯಲ್ಲಿ ಈ ಪ್ರಮಾಣವನ್ನು ಇನ್ನೂ ಹೆಚ್ಚಿಸಿದರೆ ಆಯುಷ್ಯ ಹೆಚ್ಚುವುದಿಲ್ಲವೆಂದು ಅಮೆರಿಕದ ಹೆಮೋ ಅಧ್ಯಯನ 2002ರಲ್ಲೇ ತೋರಿಸಿದೆಯಲ್ಲ!

ಒಂದು ಅಂಕ ಕಳೆದದ್ದಕ್ಕೆ ಕಾರಣಗಳಿವೆ. ವರದಿಯನ್ನು ಕೇಳಿದ ಹೊರತು ಕೈಗೆ ಕೊಡುವುದಿಲ್ಲ. ಪಾಳಿಗಳ ನಡುವೆ ಬಿಡುವು ಕಡಿಮೆಯಾದ್ದರಿಂದ, ಬೆಳಗಿನ ಪಾಳಿಯಲ್ಲಿ ಅವಧಿ ಹಿಗ್ಗಿಸಬೇಕಾದಾಗ ಟೆಕ್ನಿಷಿಯನ್ನರ ಮುಖ ಸಪ್ಪಗಾಗುವುದೂ ಉಂಟು; ಹೆಚ್ಚು ಹೊತ್ತು ಬೇಕಿರುವವರು ಕೊನೆಯ ಪಾಳಿಯನ್ನೇ ಕೇಳಿ ಪಡೆಯುವುದು ಒಳ್ಳೆಯದು, ಆಗ ಅದೇ ಯಂತ್ರಕ್ಕಾಗಿ ಹೊರಗೆ ಕಾಯುವವರು ಇರುವುದಿಲ್ಲ.