ರೆಂಡರ್ ಕೊಟ್ಟರೆ ಪಿಸಿ ಆಫ್ ಆಗುತ್ತಾ? "ಸಾಫ್ಟ್‌ವೇರ್ ಪ್ರಾಬ್ಲಮ್" ಅಂದರೆ ನಂಬಬೇಡಿ

ಎಂಟು ವರ್ಷದಿಂದ ತ್ರೀಡಿ ಕೆಲಸವೇ ನನ್ನ ಹೊಟ್ಟೆಪಾಡು. ಮನೆ ಎಲಿವೇಶನ್, ಇಂಟೀರಿಯರ್, ವಾಕ್‌ಥ್ರೂ (ಮನೆಯೊಳಗೆ ನಡೆದಾಡಿದಂತೆ ತೋರಿಸುವ ವಿಡಿಯೋ). ಮಾಡೆಲ್ ಕಟ್ಟಿ ರೆಂಡರ್ ಕೊಡೋದು, ಅಂದರೆ ಕಂಪ್ಯೂಟರಿನಿಂದ ಅದರ ಚಿತ್ರ ತಯಾರಿಸೋದು. ಹೊಸಬನಲ್ಲ. ಆದರೂ ಟೋಪಿ ಹಾಕಿಸಿಕೊಂಡೆ. ಬರೆಯೋಕೆ ನಾಚಿಕೆ ಆಗುತ್ತಿದೆ, ಸಿಟ್ಟು ಅದಕ್ಕಿಂತ ಜಾಸ್ತಿ ಇದೆ.

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಪಿಸಿ ಅಸೆಂಬಲ್ ಮಾಡಿಸಿದೆ. 78,000 ರೂಪಾಯಿ. ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 32 ಜಿಬಿ ರ‍್ಯಾಮ್. ವಾಟ್ಸಾಪಿನಲ್ಲಿ ಕಳಿಸಿದ ಕೊಟೇಶನ್‌ನಲ್ಲಿ "650 ವ್ಯಾಟ್ ಬ್ರಾಂಜ್ ಎಸ್‌ಎಂಪಿಎಸ್" ಅಂತಲೇ ಇತ್ತು (ಎಸ್‌ಎಂಪಿಎಸ್ ಅಂದರೆ ಪಿಸಿ ಒಳಗೆ ಎಲ್ಲದಕ್ಕೂ ಕರೆಂಟ್ ಕೊಡುವ ಡಬ್ಬ). ಬಿಲ್ಲಿನಲ್ಲಿ ಬರೀ "ಎಸ್‌ಎಂಪಿಎಸ್ – 1". ನಾನು ಕಾರ್ಡ್ ಹೆಸರು ನೋಡಿದೆ, ರ‍್ಯಾಮ್ ನೋಡಿದೆ, ಟೋಟಲ್ ನೋಡಿ ಸ್ವಲ್ಪ ಚೌಕಾಸಿ ಮಾಡಿದೆ. ಎಸ್‌ಎಂಪಿಎಸ್ ಯಾರು ನೋಡ್ತಾರೆ ಹೇಳಿ?

ತುಮಕೂರಿಗೆ ತಂದು ಹಚ್ಚಿದೆ. ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರಿನಲ್ಲಿ ಮಾಡೆಲ್ ಮಾಡುವಷ್ಟು ಹೊತ್ತು ಏನೂ ತೊಂದರೆ ಇಲ್ಲ. ಅದರ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ರೆಂಡರ್ ಕೊಟ್ಟೆ. ಒಂದು ನಿಮಿಷ ಆಗಿರಬಹುದು, ಟಕ್ ಅಂತ ಆಫ್. ನೀಲಿ ಸ್ಕ್ರೀನ್ ಇಲ್ಲ, ಎರರ್ ಇಲ್ಲ. ಕರೆಂಟೇ ಹೋಯ್ತು ಅಂದುಕೊಂಡು ತಲೆ ಎತ್ತಿದರೆ ಸೀಲಿಂಗ್ ಫ್ಯಾನ್ ಆರಾಮಾಗಿ ತಿರುಗುತ್ತಿದೆ.

ಅಂಗಡಿಗೆ ಫೋನ್ ಮಾಡಿದೆ.

"ಯಾವ ಸಾಫ್ಟ್‌ವೇರ್ ಸರ್?"

"ಬ್ಲೆಂಡರ್."

"ಕ್ರ್ಯಾಕ್ ವರ್ಷನ್ನಾ?"

"ಅದು ಫ್ರೀ ರೀ. 2002ರಿಂದ ಓಪನ್ ಸೋರ್ಸ್. ಕ್ರ್ಯಾಕ್ ಯಾಕೆ ಬೇಕು?"

"ಅದೇ ಸರ್ ಪ್ರಾಬ್ಲಮ್ಮು. ಫ್ರೀ ಸಾಫ್ಟ್‌ವೇರ್ ಅಂದ್ರೆ ಹಂಗೇನೇ."

ನಾನು "ಹೌದಾ" ಅಂದೆ. ಎಂಟು ವರ್ಷ ಅದೇ ಸಾಫ್ಟ್‌ವೇರಿನಲ್ಲಿ ಅನ್ನ ತಿಂದವನು, ಅವನ ಮಾತಿಗೆ "ಹೌದಾ" ಅಂದೆ! ಇವತ್ತಿಗೂ ರಾತ್ರಿ ನೆನಪಾದರೆ ಮೈ ಉರಿಯುತ್ತದೆ.

ಆಮೇಲೆ ಮೂರು ವಾರ ನಾನು ಮಾಡದ ಸರ್ಕಸ್ ಇಲ್ಲ. ಮೂರು ವರ್ಷನ್ ಬ್ಲೆಂಡರ್ ಹಾಕಿ ತೆಗೆದೆ. ಡಿಡಿಯು ಅನ್ನೋ ಟೂಲ್ ಹಾಕಿ ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಪೂರ್ತಿ ಒರೆಸಿ ಸ್ಟುಡಿಯೋ ಡ್ರೈವರ್ ಹಾಕಿದೆ. ವಿಂಡೋಸ್ ರಿಜಿಸ್ಟ್ರಿಯಲ್ಲಿ ಟಿಡಿಆರ್ ಡಿಲೇ (ಹ್ಯಾಂಗ್ ಆದ ಡ್ರೈವರಿಗೆ ವಿಂಡೋಸ್ ಕಾಯುವ ಹೊತ್ತು) ಜಾಸ್ತಿ ಮಾಡಿದೆ. ಕೆಲವು ಸಲ ಗಂಟೆಗಟ್ಟಲೆ ಓಡುತ್ತಿತ್ತು, ಅದೇ ದೊಡ್ಡ ಮೋಸ. ಸರಿಹೋಯ್ತು ಅಂದುಕೊಂಡು 30 ಸೆಕೆಂಡಿನ ವಾಕ್‌ಥ್ರೂ, 720 ಫ್ರೇಮ್, ರಾತ್ರಿ ಹಾಕಿ ಮಲಗಿದೆ. 410ನೇ ಫ್ರೇಮಿಗೆ ಆಫ್. ನೇರ ವಿಡಿಯೋ ಫೈಲಿಗೇ ರೆಂಡರ್ ಕೊಟ್ಟಿದ್ದೆ, ಆ ಫೈಲ್ ಓಪನ್ನೇ ಆಗಲಿಲ್ಲ. (ಇದು ನನ್ನದೇ ಪೆದ್ದುತನ. ಒಂದೊಂದು ಫ್ರೇಮನ್ನೂ ಬೇರೆ ಬೇರೆ ಪಿಎನ್‌ಜಿ ಚಿತ್ರವಾಗಿ ಇಟ್ಟುಕೊಂಡಿದ್ದರೆ 410ರಿಂದ ಮುಂದುವರಿಸಬಹುದಿತ್ತು.) ಕ್ಲೈಂಟ್ ಎದುರು ಮುಖ ಎತ್ತೋಕೆ ಆಗಲಿಲ್ಲ.

ಪಿಸಿ ತೊಡೆ ಮೇಲೆ ಇಟ್ಟುಕೊಂಡು ರೈಲಿನಲ್ಲಿ ಮತ್ತೆ ಬೆಂಗಳೂರಿಗೆ ಹೋದೆ. ಫಾರ್ಮ್ಯಾಟ್ ಮಾಡಿದರು, 1,500 ತಗೊಂಡರು. ಕೇಳದೆ ಡಿ ಡ್ರೈವೂ ಒರೆಸಿದರು, ನನ್ನ ಟೆಕ್ಸ್‌ಚರ್ ಎಲ್ಲ ಹೋಯಿತು. ಯಾವುದೋ ಪುಟ್ಟ ಗೇಮ್ ಹತ್ತು ನಿಮಿಷ ಓಡಿಸಿ, "ನೋಡಿ ಸರ್, ಕಲ್ಲುಗುಂಡಿನ ಹಾಗಿದೆ" ಅಂದರು. ಮನೆಗೆ ಬಂದು ರೆಂಡರ್ ಕೊಟ್ಟೆ. ಟಕ್.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಬೀದಿಯಲ್ಲಿ ಯುಪಿಎಸ್ ರಿಪೇರಿ ಮಾಡುವ ಹುಡುಗ. "ಅಣ್ಣ, ಬ್ಲೆಂಡರ್ ಮಾತ್ರ ಮುಚ್ಚಿಕೊಳ್ಳುತ್ತಾ, ಇಲ್ಲ ಪಿಸಿನೇ ಆಫ್ ಆಗುತ್ತಾ?" ಅಂದ. ಅಷ್ಟೇ ಕೇಳಿದ್ದು. ಸಾಫ್ಟ್‌ವೇರ್ ಕ್ರ್ಯಾಶ್ ಆದರೆ ಅದೊಂದೇ ಮುಚ್ಚುತ್ತದೆ, ಸಾಮಾನ್ಯವಾಗಿ ಟೆಂಪ್ ಫೋಲ್ಡರಿನಲ್ಲಿ ಕ್ರ್ಯಾಶ್ ಫೈಲ್ ಸಿಗುತ್ತದೆ. ಡ್ರೈವರ್ ಹ್ಯಾಂಗ್ ಆದರೆ ವಿಂಡೋಸ್ ಸಾಮಾನ್ಯವಾಗಿ 2 ಸೆಕೆಂಡ್ ಕಾದು ಅದನ್ನು ರೀಸೆಟ್ ಮಾಡುತ್ತದೆ, ಸ್ಕ್ರೀನ್ ಕಪ್ಪಾಗಿ ವಾಪಸ್ ಬರುತ್ತದೆ. ನನ್ನದು ಎರಡೂ ಅಲ್ಲ. ವಿಂಡೋಸಿನ ದಾಖಲೆ ಪುಸ್ತಕ ಇವೆಂಟ್ ವ್ಯೂವರ್ ತೆಗೆದರೆ ಸಾಲಾಗಿ ಕರ್ನಲ್ ಪವರ್ 41 (ಸರಿಯಾಗಿ ಶಟ್‌ಡೌನ್ ಆಗದೆ ಆಫ್ ಆಗಿದೆ ಅನ್ನುವ ದಾಖಲೆ), ಪ್ರತಿ ಸಲ ಬಗ್‌ಚೆಕ್ ಕೋಡ್, ಅಂದರೆ ನೀಲಿ ಸ್ಕ್ರೀನಿನ ಎರರ್ ನಂಬರ್, 0. ಅಂದರೆ ವಿಂಡೋಸಿಗೆ ನೀಲಿ ಸ್ಕ್ರೀನ್ ತೋರಿಸೋಕೂ ಪುರುಸೊತ್ತು ಸಿಕ್ಕಿಲ್ಲ. ಕಾರ್ಡ್ ಬಿಟ್ಟು ಪ್ರೊಸೆಸರಿನಲ್ಲೇ ನಡೆಯುವ ಸಿಪಿಯು ರೆಂಡರ್ ಕೊಟ್ಟು ನೋಡಿದೆ, ಇಡೀ ರಾತ್ರಿ ಓಡಿತು. ಆಫ್ಟರ್‌ಬರ್ನರ್ ಅನ್ನೋ ಟೂಲಿನಲ್ಲಿ ಕಾರ್ಡಿನ ಪವರ್ ಲಿಮಿಟ್ ಶೇಕಡಾ 70ಕ್ಕೆ ಇಳಿಸಿ ಜಿಪಿಯು ರೆಂಡರ್ ಕೊಟ್ಟೆ, ಅದೂ ಓಡಿತು. ಅಂದರೆ ಕಾರ್ಡ್ ಪೂರ್ತಿ ಕರೆಂಟ್ ಎಳೆದಾಗ ಮಾತ್ರ ಆಫ್.

ಕ್ಯಾಬಿನೆಟ್ ಬಿಚ್ಚಿದೆವು. ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 450 ವ್ಯಾಟ್. 650 ಅಲ್ಲ, 450! ಕೆಳಗೆ ಎಳ್ಳಿನಷ್ಟು ಅಕ್ಷರದಲ್ಲಿ 12 ವೋಲ್ಟ್, 18 ಆಂಪಿಯರ್. ಗುಣಿಸಿ ನೋಡಿ, 216 ವ್ಯಾಟ್. ಕಾರ್ಡಿಗೂ ಪ್ರೊಸೆಸರಿಗೂ ಕರೆಂಟ್ ಬರೋದು ಈ 12 ವೋಲ್ಟಿನಿಂದಲೇ. ಕಾರ್ಡ್ ಒಂದಕ್ಕೇ 170 ಬೇಕು, ಪ್ರೊಸೆಸರ್ 76ರವರೆಗೆ ಎಳೆಯುತ್ತದೆ. ಈ ಕಾರ್ಡಿಗೆ ಕಂಪನಿಯೇ 550 ವ್ಯಾಟ್ ಎಸ್‌ಎಂಪಿಎಸ್ ಹಾಕಿ ಅನ್ನುತ್ತದೆ. ಸಾಲದ್ದಕ್ಕೆ ಕಾರ್ಡಿಗೆ ಕರೆಂಟ್ ಕೊಡುವ ಎಂಟು ಪಿನ್ನಿನ ಕೇಬಲ್ಲೇ ಇಲ್ಲ, ಎರಡು ಮೋಲೆಕ್ಸ್ (ಹಳೇ ಕಾಲದ ನಾಲ್ಕು ಪಿನ್ನಿನ ಪ್ಲಗ್) ಸೇರಿಸಿ ಕನ್ವರ್ಟರ್ ಸಿಕ್ಕಿಸಿದ್ದರು. ಅದರ ಬಿಳಿ ಪ್ಲಾಸ್ಟಿಕ್ ಕಾದು ಕಾದು ಚಹಾ ಬಣ್ಣಕ್ಕೆ ತಿರುಗಿತ್ತು. ಡಬ್ಬ ಕೈಗೆತ್ತಿಕೊಂಡರೆ ಖಾಲಿ ಟಿಫನ್ ಕ್ಯಾರಿಯರ್ ತೂಕ.

ಅಂಗಡಿಗೆ ಫೋಟೋ ಕಳಿಸಿದೆ. "ಸೀಲ್ ಒಡೆದಿದ್ದೀರಿ ಸರ್, ವಾರಂಟಿ ಹೋಯ್ತು." ಕೊಟೇಶನ್ ಸ್ಕ್ರೀನ್‌ಶಾಟ್ ಕಳಿಸಿದೆ. "650 ಸ್ಟಾಕ್ ಇರಲಿಲ್ಲ, ಅದಕ್ಕೆ ಸಮ ಇರೋದೇ ಹಾಕಿದ್ದೀವಿ." 450 ಹೇಗೆ ರೀ 650ಕ್ಕೆ ಸಮ? "ಕಂಪ್ಯೂಟರ್ ಆನ್ ಆಗ್ತಿದೆ ತಾನೇ ಸರ್?"

ಬಿಲ್ಲಿನಲ್ಲಿ ಎಸ್‌ಎಂಪಿಎಸ್ ಕಂಪನಿ, ಮಾಡೆಲ್, ವ್ಯಾಟ್ ಬರೆಸದೆ ದುಡ್ಡು ಕೊಡಬೇಡಿ. ಅಂಗಡಿಯಲ್ಲೇ ನಿಂತು ನಿಮ್ಮದೇ ಸೀನ್ ಅರ್ಧ ಗಂಟೆ ರೆಂಡರ್ ಹಾಕಿಸಿ, ಗೇಮ್ ತೋರಿಸಿದರೆ ಒಪ್ಪಬೇಡಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಕೈಯಲ್ಲಿರೋದು ವಾಟ್ಸಾಪ್ ಕೊಟೇಶನ್ ಒಂದೇ. ನನ್ನ ದುಡ್ಡಲ್ಲೇ 650 ವ್ಯಾಟಿನದು ಹಾಕಿಸಿದೆ, ಆಮೇಲೆ ಒಂದು ಸಲವೂ ಆಫ್ ಆಗಿಲ್ಲ.

ನಿನ್ನೆ ಅಂಗಡಿಯವನಿಂದ ಮೆಸೇಜ್ ಬಂತು. "ಸರ್, ಆ ಹಳೇ ಎಸ್‌ಎಂಪಿಎಸ್ ತಂದುಕೊಡಿ, 400 ಕೊಡ್ತೀವಿ." ಇನ್ಯಾರದೋ ಪಿಸಿಗೆ ಹಾಕೋಕೆ ಇರಬೇಕು. ಕೊಡಲ್ಲ ಅಂದೆ.